ಒಂದು ಗೇಣು ಹಿಂದಕ್ಕೆ

ನನ್ನ ಫೋನಿನಲ್ಲಿ ಆರು ನಿಮಿಷದ ಒಂದು ವಿಡಿಯೋ ಇದೆ. ಮಗಳ ಕುಸ್ತಿಯದು. ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಅದರಲ್ಲಿ ಮಗಳು ಕಾಣುತ್ತಾಳೆ, ಎದುರಾಳಿ ಹುಡುಗಿ ಕಾಣುತ್ತಾಳೆ, ಮೂಲೆಯಲ್ಲಿ ಕುರ್ಚಿ ಮೇಲೆ ಕೂತ ಅವಳ ಕೋಚ್, ನಮ್ಮ ಸರ್ ಕಾಣುತ್ತಾರೆ. ಕೇಳಿಸೋದು ಮಾತ್ರ ನನ್ನ ದನಿ ಒಂದೇ.

ಹೋದ ವರ್ಷದ ಮಾತು. 15 ವರ್ಷದೊಳಗಿನ ಹುಡುಗಿಯರ ಆಯ್ಕೆ ಕುಸ್ತಿ, ಬೇರೆ ಬೇರೆ ಜಿಲ್ಲೆಗಳಿಂದ ಮಕ್ಕಳು ಬಂದಿದ್ದರು. ನಮ್ಮದು ಮುಧೋಳದ ಕಡೆಯ ಹಳ್ಳಿ. ರಾತ್ರಿ ಬಸ್ ಹತ್ತಿ ನಸುಕಿನಲ್ಲಿ ಇಳಿದೆವು. ಮಗಳದು 39 ಕೆಜಿ ವಿಭಾಗ. ಬೆಳಿಗ್ಗೆ ತೂಕ ಆಯಿತು. ಉಗುರು ಕತ್ತರಿಸಿದ್ದಾರಾ, ಕೂದಲಲ್ಲಿ ಪಿನ್ನು ಇದೆಯಾ ಅಂತ ಒಬ್ಬೊಬ್ಬರನ್ನೇ ನೋಡಿ ಒಳಗೆ ಬಿಟ್ಟರು. ಅವಳ ವಿಭಾಗದಲ್ಲಿ 11 ಹುಡುಗಿಯರು. ಮೊದಲನೇ ಕುಸ್ತಿಯನ್ನು ಸುಲಭವಾಗಿ ಗೆದ್ದಳು. ನನ್ನ ಗಂಟಲು ಬಿಟ್ಟುಕೊಂಡಿದ್ದು ಆಗಲೇ.

ಕೂಗೋದು ನನಗೆ ಚಿಕ್ಕಂದಿನಿಂದ ಬಂದದ್ದು. ನಮ್ಮಪ್ಪ ಪೈಲ್ವಾನ್. ಜಾತ್ರೆ ಬಂತೆಂದರೆ ಊರ ಹೊರಗೆ ಕುಸ್ತಿ ಮೈದಾನ. ಅರಿಶಿನ, ಎಣ್ಣೆ, ಮಜ್ಜಿಗೆ ಕಲಸಿ ಹದ ಮಾಡಿದ ಕೆಂಪು ಮಣ್ಣು. ಹೆಂಗಸರು ಕಣದ ಹತ್ತಿರ ಹೋಗುತ್ತಿರಲಿಲ್ಲ, ಮಾಳಿಗೆ ಹತ್ತಿ ನೋಡುತ್ತಿದ್ದೆವು. ಹಲಗೆ ಬಾರಿಸುವವರು ಬಾರಿಸುತ್ತಲೇ ಇರಬೇಕು, ಜನ ಕೂಗುತ್ತಲೇ ಇರಬೇಕು. 'ಎತ್ತ ಒಗಿ', 'ಆಕಾಶ ತೋರಸು' ಅಂತ ಮೈದಾನವೆಲ್ಲ ಒಂದೇ ದನಿ. ಅಲ್ಲಿ ಪಾಯಿಂಟ್ ಇಲ್ಲ, ನಿಮಿಷದ ಲೆಕ್ಕ ಇಲ್ಲ. ನಿಕಾಲಿ ಕುಸ್ತಿ ಅಂದರೆ ಬೆನ್ನು ಮಣ್ಣಿಗೆ ಹತ್ತುವ ತನಕ ನಡೆಯೋದು. ಬೆನ್ನು ಹತ್ತಿದ್ದನ್ನು ಊರೇ ಕಣ್ಣಾರೆ ನೋಡುತ್ತೆ. ಕೂಗಿದರೆ ಯಾರಿಗೂ ನಷ್ಟ ಇಲ್ಲ. ಕುಸ್ತಿ ಮುಗಿದ ಮೇಲೆ ಗೆದ್ದವನು ಜನರ ಮುಂದೆ ಒಂದು ಸುತ್ತು ಬರುತ್ತಿದ್ದ, ಕೈಗೆ ಹತ್ತು ಇಪ್ಪತ್ತು ರೂಪಾಯಿ ಇಡುತ್ತಿದ್ದರು. ಚೆನ್ನಾಗಿ ಆಡಿ ಸೋತವನನ್ನೂ ಕರೆದು ಕೊಡುತ್ತಿದ್ದರು. ನಮ್ಮಪ್ಪ ಸೋತ ದಿನವೂ ಟವೆಲ್ಲಿನ ತುದಿಯಲ್ಲಿ ನೋಟು ಕಟ್ಟಿಕೊಂಡು ಬಂದದ್ದು ನನಗೆ ನೆನಪಿದೆ.

ಮ್ಯಾಟಿನ ಕುಸ್ತಿ ಬೇರೆ. ಈ ವಯಸ್ಸಿನ ಮಕ್ಕಳಿಗೆ ಎರಡೆರಡು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ಬಿಡುವು. ಅಷ್ಟರಲ್ಲೇ ಎಲ್ಲ. ಎದುರಾಳಿಯನ್ನು ಕೆಡವಿ ಹಿಂದೆ ಹಿಡಿದರೆ 2, ಮ್ಯಾಟಿನಿಂದ ಹೊರಗೆ ಕಾಲಿಟ್ಟರೆ ಎದುರಿನವರಿಗೆ 1. 10 ಪಾಯಿಂಟ್ ಅಂತರ ಆದರೆ ಕುಸ್ತಿ ಅಲ್ಲಿಗೇ ಮುಗಿಯಿತು. ಮಗು ಒಳಗೆ ಏದುಸಿರು ಬಿಡುತ್ತಿರುತ್ತೆ, ಹೊರಗಿನಿಂದ ಅದರ ಕಣ್ಣಾಗಿ ಇರೋದು ಮೂಲೆಯ ಕೋಚ್ ಒಬ್ಬರೇ. ಇದೆಲ್ಲ ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೂರು ವರ್ಷದಿಂದ ನೋಡುತ್ತಿದ್ದೇನೆ. ಆದರೂ ಮಾಳಿಗೆ ಮೇಲಿಂದ ಕೂಗಿದ ಹಾಗೇ ಕೂಗುತ್ತಿದ್ದೆ.

ಎರಡನೇ ಕುಸ್ತಿ ಕ್ವಾರ್ಟರ್ ಫೈನಲ್. ಮಗಳದು ಕೆಂಪು ಉಡುಪು, ಎದುರಿನ ಹುಡುಗಿಯದು ನೀಲಿ. ಮೈಸೂರು ಕಡೆಯವಳು. ಅವಳ ಮೂಲೆಯಲ್ಲಿ ಕೂತಿದ್ದು ಒಬ್ಬ ಹೆಣ್ಣುಮಗಳು, ಇಪ್ಪತ್ತೈದು ಇಪ್ಪತ್ತಾರು ಇರಬಹುದು. ನಾನು ಮೊದಲ ಸಾಲಿನ ಬೆಂಚಿನಲ್ಲಿದ್ದೆ, ಅವರ ಕುರ್ಚಿಗೂ ನನಗೂ ನಾಲ್ಕು ಮಾರು ದೂರ ಅಷ್ಟೇ. ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತ ಕೂಗುತ್ತಿದ್ದೆ. 'ಕಾಲ ಹಿಡಿ', 'ತಿರುವ ಹಾಕು', 'ಬಿಡಬ್ಯಾಡ'. ಬಾಯಿಗೆ ಬಂದದ್ದೆಲ್ಲ.

ಶುರುವಿನಲ್ಲೇ ನೀಲಿ ಹುಡುಗಿ ಕಾಲಿಗೆ ಬಂದು ಕೆಡವಿದಳು. 2–0. ಆಮೇಲೆ ಇಬ್ಬರೂ ಅಂಚಿಗೆ ಬಂದರು. ಮಗಳು ಅವಳ ಕಾಲು ಹಿಡಿದು ನೂಕುತ್ತಿದ್ದಳು, ಇನ್ನೇನು ಬಿತ್ತು ಅಂದುಕೊಂಡೆ. ಆ ಕೋಚ್ ಎದ್ದು ನಿಂತು ಕೈ ತೋರಿಸಿ 'ಸರ್, ಕೆಂಪು ಕಾಲು ಹೊರಗೆ' ಅಂದರು. ರೆಫ್ರಿ ಸೀಟಿ ಊದಿ, ನೀಲಿ ಪಟ್ಟಿಯ ಕೈ ಎತ್ತಿ ಒಂದು ಬೆರಳು ತೋರಿಸಿದರು. 3–0.

ನನ್ನ ತಲೆ ಕೆಟ್ಟಿತು. ಇವಳು ಹೇಳಿದ್ದಕ್ಕೇ ಕೊಟ್ಟರು ಅನಿಸಿತು. ಎದ್ದು ನಿಂತೆ. 'ಏ, ನೀ ಏನ್ ರೆಫ್ರಿ ಅದಿ? ಬಾಯಿ ಮುಚ್ಚಕೊಂಡು ಕುಂದ್ರು!'

ಏಕವಚನ. ಗೊತ್ತಿಲ್ಲದ ಊರಿನ, ಗೊತ್ತಿಲ್ಲದ ಹೆಣ್ಣುಮಗಳಿಗೆ, ಅಷ್ಟು ಜನರ ನಡುವೆ. ನಮ್ಮ ಮನೆಯಲ್ಲಿ ಹಾಲು ಹಾಕುವ ಹುಡುಗನಿಗೂ ನಾವು 'ರೀ' ಹಚ್ಚಿ ಮಾತಾಡುತ್ತೇವೆ. ನನ್ನ ಪಕ್ಕ ಕೂತವರು ನಕ್ಕರು, ಹಿಂದಿನಿಂದ ಇನ್ನೂ ಒಂದಿಬ್ಬರು ನನ್ನ ಜೊತೆ ಸೇರಿ ಕೂಗಿದರು. ಆ ನಗು ಆವಾಗ ನನಗೆ ಬೆಂಬಲ ಅನಿಸಿತ್ತು.

ಆಗ ಮಗಳು ತಲೆ ಎತ್ತಿ ನನ್ನ ಕಡೆ ನೋಡಿದಳು. ಒಂದೇ ಕ್ಷಣ. ಕುಸ್ತಿ ಮತ್ತೆ ಶುರುವಾಗಿತ್ತು. ನೀಲಿ ಹುಡುಗಿ ಅವಳ ಮುಂದಿನ ಕಾಲಿಗೆ ಬಂದಳು. 5–0.

ಬಿಡುವಿನಲ್ಲಿ ರೆಫ್ರಿ ನಮ್ಮ ಮೂಲೆಗೆ ಬಂದು ಸರ್‌ಗೆ ಏನೋ ಹೇಳಿದರು. ಸರ್ ಮಗಳ ಮುಖ ಒರೆಸುವುದು ಬಿಟ್ಟು ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿದರು. ಮಾತಿಲ್ಲ. ಆ 30 ಸೆಕೆಂಡಿನಲ್ಲಿ ಅವರು ಮಗಳಿಗೆ ಹೇಳಬೇಕಾದ್ದು ಎಷ್ಟಿತ್ತೋ, ಅದರಲ್ಲಿ ಐದಾರು ಸೆಕೆಂಡ್ ನನ್ನನ್ನು ಸುಮ್ಮನಿರಿಸೋಕೆ ಹೋಯಿತು. ಕೋಚ್ ಮಿತಿ ಮೀರಿದರೆ ಹಳದಿ ಕಾರ್ಡ್ ಇದೆ, ಮತ್ತೂ ಮುಂದುವರಿದರೆ ಕೆಂಪು ಕಾರ್ಡ್ ತೋರಿಸಿ ಹೊರಗೆ ಕಳಿಸುತ್ತಾರೆ. ಬೆಂಚಿನಲ್ಲಿ ಕೂತ ನಮಗೆ ಕಾರ್ಡ್ ಇಲ್ಲ. ನಮ್ಮ ಪಾಲಿನದನ್ನೂ ಅವರೇ ಕೇಳಿಸಿಕೊಳ್ಳಬೇಕು.

ಆಗಲೇ ಆ ಕಡೆಯ ಕೋಚ್ ತಮ್ಮ ಹುಡುಗಿಗೆ ನೀರು ಕುಡಿಸುತ್ತ ನನ್ನತ್ತ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. 'ಅಮ್ಮಾ, ಸ್ವಲ್ಪ ಕೂತ್ಕೊಳ್ಳಿ. ಮಗು ಆಟ ಬಿಟ್ಟು ನಿಮ್ಮನ್ನೇ ನೋಡ್ತಿದೆ.'

ಕೂತೆ. ಒಪ್ಪಿ ಕೂತದ್ದಲ್ಲ, ಉರಿಯುತ್ತಲೇ ಕೂತೆ. 9–2ಕ್ಕೆ ಮುಗಿಯಿತು. ಕುಸ್ತಿ ಮುಗಿದ ಮೇಲೆ ಇಬ್ಬರೂ ಕೈ ಕುಲುಕಬೇಕು, ಎದುರಿನ ಕೋಚ್ ಹತ್ತಿರ ಹೋಗಿ ಅವರಿಗೂ ಕೈ ಕೊಡಬೇಕು, ಅದು ಪದ್ಧತಿ. ಮಗಳು ಕಣ್ಣೊರೆಸಿಕೊಳ್ಳುತ್ತ ಹೋದಳು. ಆ ಕೋಚ್ ಅವಳ ಕೈ ಹಿಡಿದುಕೊಂಡೇ ಬಗ್ಗಿ ಕಿವಿಯಲ್ಲಿ ಏನೋ ಹೇಳಿದರು. ಹೆಬ್ಬೆರಳು ಕಿರುಬೆರಳು ಅಗಲಿಸಿ ಏನೋ ಅಳತೆ ತೋರಿಸಿದರು. ನಾನು ಅಷ್ಟರಲ್ಲಿ ಫೋನು ಹಿಡಿದು ತೀರ್ಪುಗಾರರ ಮೇಜಿನ ಕಡೆ ಓಡಿದ್ದೆ. 'ಕಾಲ ಹೊರಗ ಹೋಗಿಲ್ರಿ, ನೋಡ್ರಿ ಇದರಾಗ' ಅಂದೆ. ಅವರು ಸಮಾಧಾನದಿಂದಲೇ ಹೇಳಿದರು, ಹೊರಗಿನವರ ವಿಡಿಯೋ ನೋಡುವಂತಿಲ್ಲ ಅಂತ. ದೊಡ್ಡ ಪಂದ್ಯಗಳಲ್ಲಿ ಕೋಚ್ ಚಾಲೆಂಜ್ ಹಾಕಿದರೆ ಅವರದೇ ಕ್ಯಾಮೆರಾದಲ್ಲಿ ನೋಡುತ್ತಾರೆ. ಚಾಲೆಂಜ್ ತಪ್ಪಾದರೆ ಎದುರಾಳಿಗೆ ಒಂದು ಪಾಯಿಂಟ್ ಜಾಸ್ತಿ. ಇಲ್ಲಿ ಆ ವ್ಯವಸ್ಥೆ ಇರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಕೂತು ವಿಡಿಯೋ ಹಾಕಿದೆ. ನನ್ನ ಮಾತೇ ಸರಿ ಅಂತ ಕಣ್ಣಾರೆ ನೋಡಬೇಕಿತ್ತು.

ಕಾಲು ಹೊರಗಿತ್ತು. ಪಾದ ಪೂರ್ತಿ ಗೆರೆ ದಾಟಿತ್ತು. ಎರಡು ಸಲ ನಿಲ್ಲಿಸಿ ನೋಡಿದೆ. ಆಮೇಲೆ ಪೂರ್ತಿ ನೋಡಿದೆ. ಸರ್ ಬಾಯಿ ಆಡುತ್ತಿತ್ತು. ಒಂದೊಂದು ಸಲ ಕೈ ಬಾಯಿಗೆ ಅಡ್ಡ ಹಿಡಿದು ಕೂಗುತ್ತಿದ್ದರು. ಒಂದಕ್ಷರ ಕೇಳಿಸಲ್ಲ. ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ನನ್ನ ಮಗಳಿಗೆ ತಾಲೀಮು ಮಾಡಿಸಿದ ಮನುಷ್ಯ, ಬೇಕಾದ ಹೊತ್ತಿಗೆ ಹೇಳಿದ ಮಾತು, ಅದರ ಮೇಲೆಲ್ಲ ನನ್ನ ದನಿ. ಮಗಳು ತಲೆ ಎತ್ತಿ ನೋಡುವ ಜಾಗ ಬಂದಾಗ ಫೋನು ಬಂದ್ ಮಾಡಿದೆ.

ಬುತ್ತಿ ಬಿಚ್ಚಿದೆ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ನಾಲ್ಕು ಶೇಂಗಾ ಉಂಡಿ. ಮಗಳು ಒಂದು ಉಂಡಿ ತಿಂದಳು, ಮಾತಾಡಲಿಲ್ಲ. 'ಆ ಮೇಡಂ ಕಿವ್ಯಾಗ ಏನ್ ಅಂದ್ರು?' ಅಂತ ಕೇಳಿದೆ.

'ಮುಂದಿನ ಕಾಲು ಜಾಸ್ತಿ ಮುಂದ ಇಡ್ತಿ, ಒಂದು ಗೇಣು ಹಿಂದಕ್ಕ ಇಡು, ಯಾರಿಗೂ ಸಿಗೂದಿಲ್ಲ ಅಂದ್ರು.'

ನಾನು ಬೈದ ಹೆಣ್ಣುಮಗಳು ನನ್ನ ಮಗಳಿಗೆ, ತಮ್ಮ ಹುಡುಗಿ ಯಾವ ಕಾಲಿನಿಂದ ಗೆದ್ದಳೋ ಅದನ್ನೇ ಕಾಯ್ದುಕೊಳ್ಳೋಕೆ ಹೇಳಿಕೊಟ್ಟಿದ್ದರು.

ಎದ್ದು ಹುಡುಕಿಕೊಂಡು ಹೋದೆ. ನೀರಿನ ಡ್ರಮ್ಮಿನ ಹತ್ತಿರ ತಮ್ಮ ಹುಡುಗಿಯ ಬೆರಳಿಗೆ ಟೇಪ್ ಸುತ್ತುತ್ತಿದ್ದರು. 'ಮೇಡಂ, ತಪ್ಪಾತ್ರಿ. ಏಕವಚನದಾಗ ಮಾತಾಡಿದೆ. ಕಾಲು ಹೊರಗ ಇತ್ತು, ನೀವು ಹೇಳಿದ್ದು ಖರೆ' ಅಂದೆ. ಅವರು ಟೇಪ್ ಹರಿದು, ಹುಡುಗಿಯನ್ನು ಕಳಿಸಿ, ನನ್ನ ಕಡೆ ನೋಡಿದರು. 'ನಾನೂ ಎದ್ದು ನಿಂತು ರೆಫ್ರಿಗೆ ಹೇಳಬಾರದಿತ್ತು ಅಮ್ಮಾ, ಅದು ಕೋಚ್ ಕೆಲಸ ಅಲ್ಲ' ಅಂದರು. ಸ್ವಲ್ಪ ತಡೆದು, 'ನನಗೆ ಹೇಳಿದ್ರಿ, ಸರಿ. ನಿಮ್ಮ ಸರ್‌ಗೂ ಒಂದ್ ಮಾತು ಹೇಳಿ' ಅಂದರು.

ಸರ್‌ಗೆ ಹೇಳುವಾಗ ನನಗೆ ದನಿಯೇ ಬರಲಿಲ್ಲ. ಅವರು ಬೇರೆ ವಿಷಯ ತೆಗೆದರು. 'ಇನ್ನೂ ಮುಗದಿಲ್ರಿ ಅಕ್ಕಾ. ಆ ಹುಡುಗಿ ಫೈನಲ್ ಮುಟ್ಟಿದ್ರ ನಮಗ ಕಂಚಿನ ಕುಸ್ತಿ ಸಿಗ್ತೈತಿ.' ರೆಪೆಶಾಜ್ ಅಂತಾರೆ. ಫೈನಲ್‌ಗೆ ಹೋದವರಿಗೆ ಯಾರು ಸೋತಿರುತ್ತಾರೋ ಅವರಿಗೆ ಇನ್ನೊಂದು ಅವಕಾಶ. 2008ರಲ್ಲಿ ಸುಶೀಲ್ ಕುಮಾರ್, 2012ರಲ್ಲಿ ಯೋಗೇಶ್ವರ್ ದತ್, 2016ರಲ್ಲಿ ಸಾಕ್ಷಿ ಮಲಿಕ್, ಮೂವರ ಒಲಿಂಪಿಕ್ ಕಂಚೂ ಈ ದಾರಿಯಲ್ಲೇ ಬಂದದ್ದು. ಸಾಕ್ಷಿಯಂತೂ ಕಂಚಿನ ಕುಸ್ತಿಯಲ್ಲಿ 0–5 ಹಿಂದಿದ್ದು 8–5ಕ್ಕೆ ಗೆದ್ದಳು.

ಸೆಮಿಫೈನಲ್‌ನಲ್ಲಿ ನಾನು ಆ ಮೈಸೂರು ಹುಡುಗಿಗೆ ಚಪ್ಪಾಳೆ ತಟ್ಟಿದೆ. ನಮ್ಮ ಲಾಭಕ್ಕೆ ತಟ್ಟಿದೆ, ಅದು ನಿಜ. ಆದರೆ ನೋಡುತ್ತ ನೋಡುತ್ತ ಅವಳು ಎಷ್ಟು ಚೆಂದ ಆಡುತ್ತಾಳೆ ಅಂತ ಆಗಲೇ ಕಂಡದ್ದು. ಗೆದ್ದಳು. ಸೋತ ಹುಡುಗಿಯ ಅಪ್ಪ ನನ್ನ ಮುಂದಿನ ಬೆಂಚಿನಲ್ಲಿದ್ದರು. ನನಗಿಂತ ಜೋರು ದನಿ. ಅವರು ಕೂಗಿದಾಗಲೆಲ್ಲ ಆ ಹುಡುಗಿಯ ಗದ್ದ ಈ ಕಡೆ ತಿರುಗುತ್ತಿತ್ತು. ಎರಡು ಪಾಯಿಂಟ್ ಹಾಗೇ ಹೋಯಿತು.

ಕಂಚಿಗೆ ನನ್ನ ಮಗಳು ಆಡಬೇಕಿದ್ದದ್ದು ಅದೇ ಹುಡುಗಿಯ ಮೇಲೆ.

ಮ್ಯಾಟ್ ಒರೆಸಿ ಹೆಸರು ಕರೆಯೋಕೆ ಹತ್ತು ನಿಮಿಷ ಇತ್ತು. ಆ ಹತ್ತು ನಿಮಿಷ ನಾನು ಆ ಅಪ್ಪನ ಬೆನ್ನನ್ನೇ ನೋಡುತ್ತ ಕೂತೆ. ಸುಮ್ಮನಿದ್ದರೆ ಅವರು ಕೂಗುತ್ತಾರೆ, ಹುಡುಗಿ ತಿರುಗುತ್ತಾಳೆ, ನನ್ನ ಮಗಳಿಗೆ ಕಾಲು ಸಿಗುತ್ತೆ. ಯಾರಿಗೂ ಗೊತ್ತಾಗೋದಿಲ್ಲ. ಇದನ್ನು ಮುಚ್ಚಿಟ್ಟು ಬರೆಯೋಕೆ ಮನಸ್ಸಿಲ್ಲ. ಆ ಆಸೆ ನನಗೆ ಬಂದಿತ್ತು, ಬಲವಾಗಿಯೇ ಬಂದಿತ್ತು. ಮಗಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದಳು.

ಆಮೇಲೆ ಎದ್ದು ಅವರ ಪಕ್ಕ ಹೋಗಿ ಕೂತೆ. 'ಅಣ್ಣಾರ, ಒಂದ್ ಮಾತು ಹೇಳ್ಲಿ? ನೀವು ಕೂಗಿದಾಗೆಲ್ಲ ನಿಮ್ಮ ಮಗಳು ಈ ಕಡೆ ತಿರುಗಿ ನೋಡ್ತಾಳ್ರಿ. ಅದರಾಗ ಪಾಯಿಂಟ್ ಹೊಂಟಾವು. ಮುಂಜಾನೆ ನಂದೂ ಹಿಂಗ ಆಗೇತಿ.' ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. 'ನಿಮ್ಮ ಹುಡುಗಿ ಯಾವುದು?' ಅಂದರು. 'ಈಗ ನಿಮ್ಮ ಮಗಳ ಜೋಡಿ ಆಡಾಕಿನ ನನ್ನ ಮಗಳ್ರಿ.' ಅವರು ಏನೂ ಹೇಳಲಿಲ್ಲ. ಟವೆಲ್ ತೆಗೆದು ಕೈಗೆ ಸುತ್ತಿಕೊಂಡು ಬಾಯಿಗೆ ಒತ್ತಿಕೊಂಡು ಕೂತರು. ನಾನು ನನ್ನ ಎರಡೂ ಕೈ ತೊಡೆಗಳ ಕೆಳಗೆ ಇಟ್ಟುಕೊಂಡು ಕೂತೆ. ವಿಡಿಯೋ ಮಾಡಲಿಲ್ಲ.

ಅವತ್ತು ಮೊದಲ ಸಲ ನಮ್ಮ ಸರ್ ಕುಸ್ತಿಯಲ್ಲಿ ಏನು ಹೇಳುತ್ತಾರೆ ಅಂತ ಕೇಳಿಸಿಕೊಂಡೆ. ಬಹಳ ಕಡಿಮೆ ಮಾತು. 'ಕೈ ತಗೋ.' 'ತಡಿ.' 'ನಡು ನಡು.' ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ 'ಈಗ.' ಆ 'ಈಗ' ಅಂದಾಗ ಮಗಳು ಬಾಣದ ಹಾಗೆ ಹೋದಳು. ಮುಂದಿನ ಕಾಲು ಒಂದು ಗೇಣು ಹಿಂದಿತ್ತು. ನಾನು ನೋಡಿದೆ. ಕುಸ್ತಿಯುದ್ದಕ್ಕೂ ಹಿಂದಿತ್ತು.

2–0, 2–2, 4–2. ಕೊನೆಯ 20 ಸೆಕೆಂಡಿನಲ್ಲಿ ಆ ಹುಡುಗಿ ಬೆನ್ನ ಹಿಂದೆ ಸುತ್ತಿ ಬಂದು 2 ತಗೊಂಡಳು. 4–4. ಪಾಯಿಂಟ್ ಸಮ ಆಗಿ, ಎಲ್ಲವೂ ಎರಡೆರಡರ ಪಟ್ಟುಗಳೇ ಆಗಿದ್ದು, ಯಾರ ಮೇಲೂ ತಪ್ಪಿಲ್ಲದಿದ್ದರೆ, ಕೊನೆಯ ಪಾಯಿಂಟ್ ಯಾರದೋ ಅವರದೇ ಗೆಲುವು. ಕಂಚು ಅವಳಿಗೆ ಹೋಯಿತು. ಆ ಹುಡುಗಿ ಒಂದು ಸಲವೂ ಈ ಕಡೆ ನೋಡಿರಲಿಲ್ಲ.

ಅವಳ ಅಪ್ಪ ಎದ್ದು ಕುಣಿಯಲಿಲ್ಲ. ಮಗಳ ಹತ್ತಿರ ಹೋಗುವ ಮೊದಲು ನನ್ನ ಕಡೆ ತಿರುಗಿ ಕೈ ಮುಗಿದರು. ಆಮೇಲೆ ಕೆಳಗೆ ಹೋಗಿ ನನ್ನ ಮಗಳನ್ನು ಕರೆದು, ಜೇಬಿನಿಂದ ನೂರು ರೂಪಾಯಿ ತೆಗೆದು ಅವಳ ಕೈಯಲ್ಲಿಟ್ಟು ಬೆರಳು ಮಡಚಿದರು. ಅವಳು ಬೇಡ ಅಂತ ಸರ್ ಮುಖ ನೋಡಿದಳು. ಸರ್ ತಗೋ ಅಂತ ತಲೆ ಆಡಿಸಿದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಉಳಿದ ಉಂಡಿ ತಿನ್ನುತ್ತಿದ್ದಳು. ಬಹಳ ಹೊತ್ತಿನ ಮೇಲೆ ಕೇಳಿದಳು. 'ಅವ್ವಾ, ಕಡೀ ಕುಸ್ತಿಯಾಗ ನೀ ಇದ್ದಿಲ್ಲೇನು?'

'ಇದ್ನೆಲ್ಲ. ಅಲ್ಲೇ ಇದ್ದೆ.'

'ದನೀನ ಕೇಳಲಿಲ್ಲ. ಎದ್ದು ಹ್ವಾದ್ಲು ಅಂದ್ಕೊಂಡೆ.'

ನನಗೆ ಏನು ಹೇಳಬೇಕು ತಿಳಿಯಲಿಲ್ಲ. ಅವಳೇ ಸ್ವಲ್ಪ ಯೋಚಿಸಿ ಹೇಳಿದಳು. 'ಮುಂದಿನ ಸಲ ಶುರು ಆಗೂಕಿಂತ ಮೊದಲ ಒಂದ್ ಸಲ ನನ್ನ ಹೆಸರು ಕೂಗು. ಜೋರಾಗಿ ಕೂಗು. ಆಮ್ಯಾಲ ಸುಮ್ನಿರು.'