ಮಾರುಕಟ್ಟೆಗೆ 35, ಕಬ್ಬನ್ ಉದ್ಯಾನಕ್ಕೆ 85

ಭಾವಚಿತ್ರಕ್ಕೆ 85 ಮಿ.ಮೀ. ಲೆನ್ಸ್ ಬಿಟ್ಟರೆ ಬೇರೆ ಇಲ್ಲ ಎಂದು ಅಕ್ಕನ ಮಗಳು ಹಟ ಹಿಡಿದಿದ್ದಳು. ದುಡ್ಡು ಸುರಿಯುವ ಮೊದಲು ಬಾಡಿಗೆಗೆ ಪಡೆದು ನೋಡಲಿ ಎಂದು ಮೈಸೂರಿನಿಂದ ಬೆಂಗಳೂರಿಗೆ ಕರೆತಂದೆ. ಸಂಜೆಯೇ ಲೆನ್ಸ್ ಪಡೆದು, ರಾತ್ರಿ ಉಳಿದು, ಬೆಳಕು ಹರಿಯುವಾಗ ಕೆ.ಆರ್. ಮಾರುಕಟ್ಟೆಗೆ ಹೋದೆವು. ಇಬ್ಬರದೂ ಕ್ಯಾನನ್, ನನ್ನದು ಫುಲ್ ಫ್ರೇಮ್, ಅಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು; ಅವಳದು ಕ್ರಾಪ್ ಸೆನ್ಸರ್, ಅದಕ್ಕಿಂತ ಚಿಕ್ಕದು. ಅವಳ ಕ್ಯಾಮೆರಾದಲ್ಲಿ ಫೋಕಲ್ ಲೆಂಗ್ತನ್ನು, ಅಂದರೆ ಲೆನ್ಸಿನ ಮಿ.ಮೀ. ಅಂಕೆಯನ್ನು, 1.6ರಿಂದ ಗುಣಿಸಿಕೊಳ್ಳಬೇಕು. ಹಾಗಾಗಿ 85 ಅಲ್ಲಿ ನನ್ನ ಕ್ಯಾಮೆರಾದ 136ರಷ್ಟು ಬಿಗಿಯಾದ, ಕಿರಿದಾದ ನೋಟ ಕೊಡುತ್ತದೆ.

ಹೂವಿನ ಸಾಲಿನಲ್ಲಿ ಅದರ ಫಲ ಕಂಡಿತು. ತಲೆ, ಭುಜ ಹಿಡಿಸಲು ಏಳೆಂಟು ಅಡಿ ಹಿಂದೆ ಸರಿಯಬೇಕು. ಅಷ್ಟರಲ್ಲಿ ಸೇವಂತಿಗೆ ಮೂಟೆ ಹೊತ್ತವರು “ದಾರಿ, ದಾರಿ” ಎನ್ನುತ್ತ ನಡುವೆ ನುಗ್ಗುತ್ತಾರೆ. ಕನಕಾಂಬರದವರೊಬ್ಬರು ಇದನ್ನೆಲ್ಲ ನೋಡುತ್ತಿದ್ದು, “ಹೂವು ಕೊಂಡವರಿಗೆ ಮಾತ್ರ ಮುಖ ತೋರಿಸುವುದು ಮಗಳೇ” ಎಂದರು. ಎರಡು ಮೊಳ ಕೊಂಡೆವು.

ನನ್ನ 35 ಮಿ.ಮೀ. ಲೆನ್ಸಿನಲ್ಲಿ ಎದುರಿಗೇ ಕುಕ್ಕರುಗಾಲಲ್ಲಿ ಕುಳಿತೆ. ಮೊಣಕೈಯಿಂದ ಬೆರಳ ತುದಿಯವರೆಗೆ ದಾರ ಎಳೆದು ಅಳೆಯುವಾಗ ಅವರ ಕೈ ಲೆನ್ಸಿನತ್ತ ಚಾಚಿತು. ಚಿತ್ರದಲ್ಲಿ ಹಸಿರು ಬಳೆ, ದಾರದ ಗೀರು ಬಿದ್ದ ಬೆರಳು ದೊಡ್ಡವು. ಮುಖ ಅದರ ಹಿಂದೆ, ಸ್ವಲ್ಪ ಚಿಕ್ಕದು. ಹೂವು ಅಳೆಯುವವರ ಚಿತ್ರಕ್ಕೆ ಇದೇ ಸರಿ. ಆದರೆ ಅಷ್ಟೇ ಸಮೀಪದಿಂದ ಬರೀ ಮುಖ ತೆಗೆದರೆ ಮೂಗು ಉಬ್ಬುತ್ತದೆ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳಿ. 45 ಸೆಂ.ಮೀ. ದೂರದಿಂದ ತೆಗೆದರೆ ಕಿವಿಯ ಅಳತೆ ಮೂಗಿಗಿಂತ ಐದನೆಯ ಒಂದು ಪಾಲು ಕುಗ್ಗುತ್ತದೆ. ಒಂದೂವರೆ ಮೀಟರಿನಿಂದ ಶೇ. 7ರಷ್ಟು ಮಾತ್ರ. ಉದ್ದ ಲೆನ್ಸ್ ಮುಖವನ್ನು ಸುಂದರಗೊಳಿಸುತ್ತದೆ ಎನ್ನುವುದನ್ನು ಕೇಳಿದರೆ ನನಗೆ ರೇಗುತ್ತದೆ. ಆ ಕೆಲಸ ದೂರದ್ದು; ಲೆನ್ಸ್ ನಮ್ಮನ್ನು ಅಷ್ಟು ದೂರ ನಿಲ್ಲಿಸುತ್ತದೆ, ಅಷ್ಟೇ.

ಇಡ್ಲಿ ತಿಂದು ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆಗೆ ಬದಲಾಯಿಸಿ ಕಬ್ಬನ್ ಉದ್ಯಾನದಲ್ಲಿ ಇಳಿದೆವು. ಬಿದಿರು ಮೆಳೆಯ ಬಳಿ ಪತ್ರಿಕೆ ಓದುತ್ತಿದ್ದ ಹಿರಿಯರು “ತೆಗೆದುಕೊಳ್ಳಿ, ಕನ್ನಡಕ ಇರಲೋ ಬೇಡವೋ?” ಎಂದರು. ಇರಲಿ ಎಂದೆವು.

ಇಲ್ಲಿ ಜಾಗಕ್ಕೆ ಬರವಿಲ್ಲ. 85ನ್ನು ನನ್ನ ಕ್ಯಾಮೆರಾಕ್ಕೆ ಹಾಕಿ ಐದು ಅಡಿ ದೂರದಲ್ಲಿ ನಿಂತಳು. ಹಿಂದಿನ ಬಿದಿರು ಕರಗಿ ಹಸಿರು ಗೆರೆಗಳಾಯಿತು. ಲೆನ್ಸಿನ ಕಿಂಡಿಯನ್ನು ಅಗಲವಾಗಿ ತೆರೆಯುವ ಎಫ್/1.8ರಲ್ಲಿ ಆ ದೂರಕ್ಕೆ ಸ್ಪಷ್ಟವಾಗಿ ನಿಲ್ಲುವುದು ಮೂರು ಸೆಂ.ಮೀ. ಮಾತ್ರ: ಒಂದು ಕಣ್ಣಿನ ರೆಪ್ಪೆ ಎಣಿಸಬಹುದು, ಅತ್ತಿತ್ತ ತಿರುಗಿದರೆ ಇನ್ನೊಂದು ಕಣ್ಣು ಮಬ್ಬು. ಕಿಂಡಿಯನ್ನು ಎಫ್/2.8ಕ್ಕೆ ಕಿರಿದಾಗಿಸಿದ ಮೇಲೆ ಎರಡೂ ದಕ್ಕಿದವು. ನಿಂತವರ ಪೂರ್ತಿ ಚಿತ್ರಕ್ಕೆ, ಕ್ಯಾಮೆರಾ ಉದ್ದಕ್ಕೆ ಹಿಡಿದರೂ, ಐದು ಮೀಟರ್ ಬೇಕು. ಆಗ ಮಾತನಾಡಿಸಲು ಕೂಗಬೇಕು, ನಗು ಬರಬೇಕಾದಲ್ಲಿ “ಆಂ?” ಬರುತ್ತದೆ.

ಸಂಜೆಯ ರೈಲಿನಲ್ಲಿ, “ಮೊದಲು ಯಾರನ್ನು ತೆಗೆಯುತ್ತೀಯೆ?” ಎಂದು ಕೇಳಿದೆ.

“ಅಜ್ಜಿಯನ್ನು, ಅವರ ಕೋಣೆಯಲ್ಲೇ.”

ಆ ಕೋಣೆ ಹತ್ತು ಅಡಿ. ಅವಳ ಕ್ಯಾಮೆರಾದಲ್ಲಿ 85 ಹಾಕಿದರೆ ಸೊಂಟದಿಂದ ಮೇಲಿನ ಚಿತ್ರಕ್ಕೇ ಹತ್ತು ಅಡಿ ಬೇಕು. 50 ಮಿ.ಮೀ. ಲೆನ್ಸಿಗೆ ಆರು ಅಡಿ ಸಾಕು, ನೋಟವೂ 80ಕ್ಕೆ ಸಮ. “ಬೀರುವಿನೊಳಗೆ ನಿಂತು ತೆಗೆಯಲೇ ಮಾಮ?” ಎಂದು ನಕ್ಕಳು. ರಾಮನಗರ ದಾಟುವಾಗ ಮೊಬೈಲಿನಲ್ಲಿ 50ರ ಬೆಲೆ ನೋಡುತ್ತಿದ್ದಳು.