ಫಿಕ್ಸ್ ಬರಲಿಲ್ಲ ಅಂತ ಬೇಸ್ ಆಫ್ ಮಾಡಬೇಡಿ

ವಿಜಯಪುರದಲ್ಲಿ ನಾನು ಡಿಜಿಪಿಎಸ್ ಸೆಟ್, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಜಮೀನು ಅಳೆಯುವ ಮಷಿನ್, ಬಾಡಿಗೆಗೆ ಕೊಡುತ್ತೇನೆ. ಸೆಟ್ಟಿನಲ್ಲಿ ಒಂದು ಕಡೆ ನಿಲ್ಲಿಸುವ ಬೇಸ್, ಪಾಯಿಂಟಿಂದ ಪಾಯಿಂಟಿಗೆ ಒಯ್ಯುವ ರೋವರ್, ಇವನ್ನು ನಡೆಸುವ ಆಪ್ ಇರುವ ಫೋನಿನಂಥ ಕಂಟ್ರೋಲರ್ ಇರುತ್ತವೆ. ಮೊದಲು ನಾನೇ ಸರ್ವೆಗೆ ಹೋಗುತ್ತಿದ್ದೆ, ಈಗ ಮೊಣಕಾಲು ಮಾತು ಕೇಳುವುದಿಲ್ಲ. ಕಾಲುವೆ ಕೆಲಸ, ರಸ್ತೆ, ಲೇಔಟ್, ಸೋಲಾರ್ ಪ್ಲಾಂಟು, ಅಣ್ಣತಮ್ಮಂದಿರ ಹೊಲದ ಪಾಲು, ಎಲ್ಲದಕ್ಕೂ ಸೆಟ್ ಹೋಗುತ್ತದೆ. ಬೆಳಿಗ್ಗೆ ಒಯ್ದವರಿಂದ ಬಿಸಿಲು ಏರುವ ಹೊತ್ತಿಗೆ ಫೋನು. "ಸರ, ಮಷಿನ್ ಕೆಟ್ಟೈತ್ರಿ. ಫಿಕ್ಸ್ ಆಗವಲ್ದು."

ಫಿಕ್ಸ್ ಅಂದರೆ ರೋವರಿನ ಉತ್ತರ ಸೆಂಟಿಮೀಟರ್ ಮಟ್ಟಕ್ಕೆ ಗಟ್ಟಿಯಾಗುವುದು. ಮಷಿನ್ ನಿಜವಾಗಿ ಕೆಟ್ಟಿರುವುದು ಬಹಳ ಕಡಿಮೆ. "ಈಗ ಏನ್ ಮಾಡೀರಿ?" ಅಂತ ಕೇಳಿದರೆ, "ಎಲ್ಲಾ ಬಂದ್ ಮಾಡಿ ಚಾಲೂ ಮಾಡೀನ್ರಿ, ಬೇಸ್ ಸುದ್ದಾ" ಅನ್ನುತ್ತಾರಲ್ಲ, ನನ್ನ ಎದೆ ಧಸಕ್ ಅನ್ನುವುದು ಆಗ. ರೇಡಿಯೊ ಸಿಗದಿದ್ದರೆ ಅರ್ಧ ದಿನ ಹಾಳು, ಅಷ್ಟೇ. ಬೇಸ್ ಆಫ್ ಮಾಡಿ ಆನ್ ಮಾಡಿದರೆ ಅಳತೆಯೇ ಹಾಳಾಗಬಹುದು. ಅದೂ ಯಾರಿಗೂ ಗೊತ್ತಾಗದ ಹಾಗೆ.

ಯಾಕೆ ಅಂದರೆ, ಬೇಸ್ ಒಂದು ಕಡೆ ನಿಂತು "ನಾನು ಇಂಥ ಜಾಗದಲ್ಲಿದ್ದೇನೆ, ಉಪಗ್ರಹಗಳಿಂದ ನನಗೆ ಹೀಗೆ ಲೆಕ್ಕ ಬರುತ್ತಿದೆ" ಅಂತ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ರೇಡಿಯೊದಲ್ಲಿ ಹೇಳುತ್ತಿರುತ್ತದೆ. ರೋವರ್ ಅದನ್ನು ತನ್ನ ಲೆಕ್ಕದ ಜೊತೆ ಕೂಡಿಸಿ ಒಂದೆರಡು ಸೆಂಟಿಮೀಟರ್ ಒಳಗಿನ ಉತ್ತರ ಕೊಡುತ್ತದೆ. ಆದರೆ ಆ ಸೆಂಟಿಮೀಟರ್ ಲೆಕ್ಕ ಬೇಸಿನಿಂದ ರೋವರ್‌ವರೆಗಿನ ಅಂತರಕ್ಕೆ ಮಾತ್ರ. ಬೇಸ್ ತನ್ನ ಜಾಗವನ್ನೇ ಬೇರೆ ಹೇಳಿದರೆ ಎಲ್ಲ ಪಾಯಿಂಟುಗಳೂ ಅಷ್ಟಕ್ಕಷ್ಟೇ ಸರಿಯುತ್ತವೆ. ನಮ್ಮ ಕಡೆ ಹೆಚ್ಚಿನವರು ಬೇಸನ್ನು ಗೊತ್ತಿರುವ ಪಾಯಿಂಟ್ ಮೇಲೆ ನಿಲ್ಲಿಸುವುದಿಲ್ಲ. ಸುಮ್ನೆ ಗುಡಿಯ ಮಾಳಿಗೆ ಮೇಲೋ ಬದುವಿನ ಮೇಲೋ ಇಟ್ಟು ಆಟೊ ಒತ್ತುತ್ತಾರೆ. ಆಗ ಬೇಸ್ ತನ್ನ ಜಾಗವನ್ನು ತಾನೇ ಅಂದಾಜು ಮಾಡಿಕೊಳ್ಳುತ್ತದೆ. ಬೆಳಿಗ್ಗೆ ಮಾಡಿದ ಅಂದಾಜಿಗೂ ಮಧ್ಯಾಹ್ನ ಮತ್ತೆ ಆನ್ ಮಾಡಿದಾಗಿನ ಅಂದಾಜಿಗೂ ಒಂದೆರಡು ಮೀಟರ್ ವ್ಯತ್ಯಾಸ ಬರುವುದು ಮಾಮೂಲು.

ಎರಡು ಮೀಟರ್ ಅಂದರೆ ಆರೂವರೆ ಅಡಿ. 200 ಮೀಟರ್ ಉದ್ದದ ಬದು ಆರೂವರೆ ಅಡಿ ಸರಿದರೆ 400 ಚದರ ಮೀಟರ್, ಹತ್ತಿರ ಹತ್ತಿರ 4 ಗುಂಟೆ. ನಮ್ಮ ಊರುಗಳಲ್ಲಿ 4 ಗುಂಟೆಗೆ ಕೋರ್ಟಿಗೆ ಹೋದವರಿದ್ದಾರೆ. ಒಂದು ಗುಂಟೆಗೂ ಹೋಗಿದ್ದಾರೆ ಬಿಡಿ.

ಅದಕ್ಕೇ ನನ್ನ ಗಿರಾಕಿಗಳಿಗೆ ಒಂದೇ ಮಾತು. ಬೇಸ್ ಮುಟ್ಟುವ ಮೊದಲು ಕಂಟ್ರೋಲರ್ ಪರದೆಯ ಫೋಟೊ ತೆಗೆದು ಕಳಿಸಿ. ಆಫ್ ಮಾಡಿದ ಮೇಲೆ ಏನಾಗಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಆ ಫೋಟೊದಲ್ಲಿ ನಾನು ಮೊದಲು ನೋಡುವುದು ಉಪಗ್ರಹಗಳ ಸಂಖ್ಯೆ. ಅದು ಸೊನ್ನೆ, ಅಥವಾ ಖಾಲಿ ಗೆರೆ ಇದ್ದರೆ ಕಂಟ್ರೋಲರಿಗೂ ರೋವರಿಗೂ ಮಾತೇ ಇಲ್ಲ. ಅದು ಬ್ಲೂಟೂತ್ ತಾಪತ್ರಯ. ಬೇಸಿನ ಕಡೆ ಹೋಗುವ ಕೆಲಸವೇ ಇಲ್ಲ. ಉಪಗ್ರಹಗಳು ಇಪ್ಪತ್ತು ಮೂವತ್ತು ಕಾಣುತ್ತಿವೆ, ಆದರೆ 'ಸಿಂಗಲ್' ಅಂತಿದೆ, ಅಂದರೆ ರೋವರ್ ಒಂಟಿಯಾಗಿ ಲೆಕ್ಕ ಮಾಡುತ್ತಿದೆ. ಬ್ಲೂಟೂತ್ ಚೆನ್ನಾಗಿದೆ, ಬೇಸಿನ ಮಾತು ರೋವರಿಗೆ ತಲುಪುತ್ತಿಲ್ಲ. ಇನ್ನು 'ಫ್ಲೋಟ್' ಅಂತಿದ್ದರೆ ಬೇಸಿನ ಮಾತು ಬಂದಿದೆ, ಉತ್ತರ ಇನ್ನೂ ಗಟ್ಟಿಯಾಗಿಲ್ಲ ಅಂತ. ಪಕ್ಕದಲ್ಲಿ 'ಏಜ್' ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡುತ್ತೇನೆ. ಬೇಸಿನಿಂದ ಕೊನೆಯ ಮಾತು ಬಂದು ಎಷ್ಟು ಸೆಕೆಂಡ್ ಆಯಿತು ಅನ್ನುವ ಲೆಕ್ಕ ಅದು. ಅದು 1, 2ರಲ್ಲೇ ಆಡುತ್ತಿದ್ದರೆ ರೇಡಿಯೊದ್ದು ಏನೂ ತಪ್ಪಿಲ್ಲ. ತಲೆ ಮೇಲೆ ನೋಡಿ, ಬೇವಿನ ಮರ ಇರುತ್ತದೆ. ತಿಕೋಟಾ ಕಡೆಯಾದರೆ ದ್ರಾಕ್ಷಿ ಪಡಕಿನ ಕಬ್ಬಿಣದ ಕಂಬ, ತಂತಿ. ಅಂಕಿ 10, 20, 40 ಅಂತ ಏರುತ್ತಾ ಹೋದರೆ ಮಾತ್ರ ರೇಡಿಯೊ ಕಡಿಯುತ್ತಿದೆ ಅಂತ.

ಬ್ಲೂಟೂತ್ ವಿಷಯ ಬೇಗ ಮುಗಿಸುತ್ತೇನೆ. ಅದರಲ್ಲಿ ಅಂಥ ಗುಟ್ಟೇನಿಲ್ಲ. ಈ ರಿಸೀವರ್‌ಗಳು ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರ ಜೊತೆಗೇ ಮಾತಾಡುತ್ತವೆ. ನಿನ್ನೆ ಯಾರೋ ಹುಡುಗ ತನ್ನ ಫೋನಿನಲ್ಲಿ ಅದೇ ಆಪ್ ಹಾಕಿಕೊಂಡು ಜೋಡಿಸಿದ್ದ, ಇವತ್ತು ಆ ಫೋನು ಅವನ ಜೇಬಿನಲ್ಲೇ ಇದೆ, ಆಪ್ ಹಿಂದೆ ಓಡುತ್ತಿದೆ. ನಿಮ್ಮ ಕಂಟ್ರೋಲರ್ ಎಷ್ಟು ಕರೆದರೂ ರೋವರ್ ಓಗೊಡುವುದಿಲ್ಲ. ಹೊಲದಲ್ಲಿರುವ ಎಲ್ಲರ ಬ್ಲೂಟೂತ್ ಬಂದ್ ಮಾಡಿಸಿ ನೋಡಿ. ಆಂಡ್ರಾಯ್ಡ್ 12 ಮತ್ತು ಅದರ ನಂತರದ ಫೋನುಗಳಲ್ಲಿ ಆಪ್‌ಗೆ 'ಹತ್ತಿರದ ಸಾಧನಗಳು' ಅನ್ನುವ ಅನುಮತಿ ಬೇರೆಯಾಗಿ ಕೊಡಬೇಕು. ಮೊದಲ ಸಲ ಕೇಳಿದಾಗ ಅವಸರದಲ್ಲಿ ಬೇಡ ಒತ್ತಿದರೆ ಆಮೇಲೆ ಹುಡುಕಿದರೂ ಏನೂ ಕಾಣುವುದಿಲ್ಲ. ಪೇರ್ ಮಾಡುವಾಗ ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಇಲ್ಲವೇ 0000. ಪೇರ್ ಆದ ಮೇಲೆ ಫೋನಿನ ಸೆಟ್ಟಿಂಗ್‌ನಲ್ಲಿ 'ಕನೆಕ್ಟೆಡ್' ಅಂತ ಬರಲಿಲ್ಲ ಅಂತ ಗಾಬರಿಯಾಗಬೇಡಿ, ಅದು ಹಾಗೇ. ಆಪ್ ತೆರೆದು ಅಲ್ಲಿಂದ ಜೋಡಿಸಿದಾಗಲೇ ಸಂಪರ್ಕ ಆಗುವುದು. ಆಪ್‌ನಲ್ಲಿ ರಿಸೀವರಿನ ಕಂಪನಿ, ಮಾದರಿ ತಪ್ಪು ಆರಿಸಿದ್ದರೆ ಜೋಡಣೆ ಆದ ಹಾಗೆ ಕಾಣಿಸಿಯೂ ಅಂಕಿ ಬರುವುದಿಲ್ಲ.

ಒಂದು ತಮಾಷೆ ಹೇಳಬೇಕು. ಬೇಸ್ ಮತ್ತು ರೋವರ್ ನೋಡಲು ಅವಳಿ ಜವಳಿ. ಬೇಸ್ ಚಾಲೂ ಮಾಡಿ ಅದೇ ಕಂಟ್ರೋಲರನ್ನು ಅಲ್ಲಿಂದ ಬಿಡಿಸದೇ ಬೇಸಿನ ಹತ್ತಿರವೇ ನಾಲ್ಕು ಪಾಯಿಂಟ್ ಹಿಡಿದವರಿದ್ದಾರೆ. ಒತ್ತಿದರೆ ಅಂಕಿ ಬರುತ್ತದೆ, ನಾಲ್ಕೂ ಒಂದೇ ಜಾಗದ್ದು. ಬೇಸ್ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಿರುತ್ತದೆ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ ಜೋಡಿಸಿ ಅಂತ ನಾನು ಎರಡೂ ಡಬ್ಬಿಯ ಮೇಲೆ ದಪ್ಪ ಅಕ್ಷರದ ಚೀಟಿ ಅಂಟಿಸಿದ್ದೇನೆ. ಓದುವವರು ಓದುತ್ತಾರೆ.

ಈಗ ರೇಡಿಯೊ. ರೋವರಿನ ಮೇಲೆ ಡೇಟಾ ಬಂದಾಗ ಮಿಣುಕುವ ಒಂದು ದೀಪ ಇರುತ್ತದೆ. ಬೇಸ್ ಸೆಕೆಂಡಿಗೊಮ್ಮೆ ಕಳಿಸುತ್ತಿದ್ದರೆ ಅದೂ ಸೆಕೆಂಡಿಗೊಮ್ಮೆ ಮಿಣುಕಬೇಕು. ಮಿಣುಕುತ್ತಲೇ ಇಲ್ಲ ಅಂದರೆ ಬೇಸ್ ಕಳಿಸುತ್ತಿದೆಯೇ ಅಂತ ಯಾರನ್ನಾದರೂ ಕಳಿಸಿ ನೋಡಿಸಿ. ನೋಡಿಸಿ ಅಂದೆ, ಮುಟ್ಟಿಸಿ ಅನ್ನಲಿಲ್ಲ.

ಬೇಸ್ ಕಳಿಸುತ್ತಿದೆ, ರೋವರ್ ಹತ್ತಿರವೇ ಇದೆ, ಆದರೂ ಇಲ್ಲ. ಹಾಗಿದ್ದರೆ ಎರಡರ ಸೆಟ್ಟಿಂಗ್ ಹೊಂದಿಲ್ಲ. ಫ್ರೀಕ್ವೆನ್ಸಿ, ಚಾನೆಲ್ ಅಗಲ, ಪ್ರೊಟೊಕಾಲ್, ಗಾಳಿಯಲ್ಲಿ ಡೇಟಾ ಹೋಗುವ ವೇಗ ಅಂದರೆ ಬಾಡ್ ರೇಟ್, ಇವು ಎರಡೂ ಕಡೆ ಒಂದೇ ಇರಬೇಕು. ಒಂದು ಕಡೆ 12.5 ಕಿಲೋಹರ್ಟ್ಜ್, ಇನ್ನೊಂದು ಕಡೆ 25 ಇದ್ದರೂ ಮುಗೀತು. ಎಫ್‌ಇಸಿ ಅಂತ, ದಾರಿಯಲ್ಲಿ ಕೆಟ್ಟ ಡೇಟಾ ಸರಿಪಡಿಸುವ ಒಂದು ಆಯ್ಕೆ ಇದೆ, ಒಂದು ಕಡೆ ಆನ್, ಇನ್ನೊಂದು ಕಡೆ ಆಫ್ ಇದ್ದರೆ ಎಲ್ಲವೂ ಸರಿಯಿದ್ದ ಹಾಗೆ ಕಾಣುತ್ತದೆ, ಡೇಟಾ ಮಾತ್ರ ಬರುವುದಿಲ್ಲ. "ಎರಡೂ ಕಡೆ ಚಾನೆಲ್ 5 ಐತ್ರಿ" ಅನ್ನುತ್ತಾರೆ. ಚಾನೆಲ್ ನಂಬರ್ ನಂಬಬೇಡಿ. ಬೇರೆ ಬೇರೆ ಕಂಪನಿ ಸೆಟ್ ಸೇರಿಸಿದಾಗ ಒಂದರ 5 ಇನ್ನೊಂದರ 5 ಆಗಿರುವುದಿಲ್ಲ. ಮೆಗಾಹರ್ಟ್ಜ್ ಅಂಕಿಯನ್ನೇ ಓದಿ, ಕೊನೆಯ ದಶಾಂಶದವರೆಗೆ.

ದೀಪ ಚೆನ್ನಾಗಿ ಮಿಣುಕುತ್ತಿದ್ದರೂ ಸಿಂಗಲ್‌ನಲ್ಲೇ ಇದ್ದರೆ ಎರಡು ಅನುಮಾನ. ಒಂದು, ಬೇಸ್ ಕಳಿಸುವ ಭಾಷೆ, ಆರ್‌ಟಿಸಿಎಂ 3 ಆಗಲಿ ಸಿಎಂಆರ್ ಆಗಲಿ, ರೋವರಿಗೆ ತಿಳಿಯುತ್ತಿಲ್ಲ. ಇನ್ನೊಂದು ಸ್ವಲ್ಪ ಅಪಾಯದ್ದು. ಕೇಳುತ್ತಿರುವುದು ನಿಮ್ಮ ಬೇಸನ್ನೇ ಅಲ್ಲ. ಹೆದ್ದಾರಿ ಕೆಲಸ, ಕಾಲುವೆ ಕೆಲಸ ನಡೆಯುವ ಕಡೆ ಒಂದೇ ಕಂಪನಿಯ ಸೆಟ್ ಇಟ್ಟುಕೊಂಡ ಇನ್ನೊಂದು ತಂಡ ಇದ್ದೇ ಇರುತ್ತದೆ, ಇಬ್ಬರೂ ಫ್ಯಾಕ್ಟರಿಯಿಂದ ಬಂದ ಚಾನೆಲ್ಲನ್ನೇ ಬಿಟ್ಟಿರುತ್ತಾರೆ. ಎರಡು ಬೇಸ್ ಒಟ್ಟಿಗೆ ಕೂಗಿದರೆ ಏಜ್ ಅಂಕಿ ಕುಣಿಯುತ್ತದೆ. ಅದಾದರೂ ವಾಸಿ. ಅವರದೇ ಜೋರಾಗಿದ್ದರೆ ನಿಮ್ಮ ರೋವರ್ ಅವರ ಬೇಸಿನ ಮೇಲೆ ಸದ್ದಿಲ್ಲದೆ ಫಿಕ್ಸ್ ಆಗುತ್ತದೆ. ಕೊಲ್ಹಾರದ ಕಡೆ ಕಾಲುವೆ ಕೆಲಸಕ್ಕೆ ಸೆಟ್ ಒಯ್ದಿದ್ದ ಹುಡುಗನಿಗೆ ಫೋನಿನಲ್ಲೇ ಕೇಳಿದೆ, "ತಮ್ಮಾ, ಬೇಸಿಗೆ ದೂರ ಎಷ್ಟ್ ತೋರಸ್ತದ?" "ನಾಕ್ ಕಿಲೋಮೀಟರ್ ತೋರಸ್ತದ್ರಿ." "ನಿನ್ನ ಬೇಸ್ ಎಲ್ಲೈತಿ?" "ಇಲ್ಲೇ ಕಣ್ಣಾಗ ಕಾಣತೈತ್ರಿ." ಬೇಸ್ ಐಡಿ ಮತ್ತು ಬೇಸಿಗೆ ಇರುವ ದೂರ ಎರಡೂ ಕಂಟ್ರೋಲರಿನಲ್ಲೇ ಇರುತ್ತವೆ. ಬೆಳಿಗ್ಗೆ ಕೆಲಸ ಶುರು ಮಾಡುವಾಗ ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ದೂರ ಹೋದ ಮೇಲೆ ಕಡಿಯುವುದು ಬೇರೆ ಕಥೆ. ಇಲ್ಲಿ ಎಲ್ಲರಿಗೂ ವ್ಯಾಟ್ ಹುಚ್ಚು. "35 ವ್ಯಾಟ್ ರೇಡಿಯೊ ಕೊಡ್ರಿ" ಅನ್ನುತ್ತಾರೆ, ಆಮೇಲೆ ಅದರ ಆಂಟೆನಾವನ್ನು ಸೊಂಟದೆತ್ತರಕ್ಕೆ ಕಟ್ಟುತ್ತಾರೆ. ಅಡ್ಡ ಏನೂ ಇಲ್ಲದ ಬಯಲಲ್ಲೂ ದೂರ ಎರಡು ಪಟ್ಟಾಗಲು ಪವರ್ ನಾಲ್ಕು ಪಟ್ಟು ಬೇಕು. ಎತ್ತರ ಮಾತ್ರ ಪುಕ್ಕಟೆ. ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಆ ಆಂಟೆನಾದ ರೇಡಿಯೊ ದಿಗಂತ ಕಿಲೋಮೀಟರಿನಲ್ಲಿ ಬರುತ್ತದೆ. 2 ಮೀಟರಿಗೆ 5.8 ಕಿಲೋಮೀಟರ್, 6 ಮೀಟರಿಗೆ 10. ಅಷ್ಟು ದೂರ ಸಿಕ್ಕೇ ಸಿಗುತ್ತದೆ ಅಂತಲ್ಲ, ಅದು ಭೂಮಿಯ ಡೊಂಕಿನ ಲೆಕ್ಕ ಮಾತ್ರ. ನಡುವೆ ಜಾಲಿ, ಮನೆ, ಹಳ್ಳದ ಇಳಿಜಾರು ಬಂದರೆ ಬೇಸಿನ ಒಳಗೇ ಇರುವ 2 ವ್ಯಾಟ್ ರೇಡಿಯೊ ಎರಡು ಮೂರು ಕಿಲೋಮೀಟರಿಗೇ ಸುಸ್ತಾಗುತ್ತದೆ. ಡೋಣಿ ಸಾಲಿನಲ್ಲಿ ಬಯಲು ಅಂತ ಕಾಣುತ್ತದೆ, ಆದರೆ ಹಳ್ಳಕ್ಕೆ ಇಳಿದ ಕೂಡಲೇ ಏಜ್ ಏರುತ್ತದೆ. ಬೇಸನ್ನು ಊರಿನ ಎತ್ತರದ ಮಾಳಿಗೆ ಮೇಲೆ ಇಡಿ. ಎರೆ ಹೊಲದಲ್ಲಿ ಹೇಗೂ ಇಡಬಾರದು, ಮಳೆ ಬಿದ್ದರೆ ಸ್ಟ್ಯಾಂಡಿನ ಕಾಲು ಒಳಗಿಳಿಯುತ್ತದೆ.

ಜಮಖಂಡಿ, ಮುಧೋಳ ಕಡೆ ಬೆಳೆದು ನಿಂತ ಕಬ್ಬಿನೊಳಗೆ ರೋವರ್ ಒಯ್ದರೆ ಎರಡೂ ಕಡೆಯಿಂದ ಪೆಟ್ಟು. ಹಸಿ ಎಲೆ ರೇಡಿಯೊವನ್ನೂ ನುಂಗುತ್ತದೆ, ಉಪಗ್ರಹದ ಸಿಗ್ನಲ್ಲನ್ನೂ ನುಂಗುತ್ತದೆ. ರೋವರ್ ಕೂಡಿಸಿದ ಕೋಲು, ಅಂದರೆ ಪೋಲ್, ಉದ್ದ ಮಾಡಿ. ಉದ್ದ ಮಾಡಿದ ಮೇಲೆ ಕಂಟ್ರೋಲರಿನಲ್ಲಿ ಪೋಲಿನ ಎತ್ತರ ಬದಲಿಸಿ. ಕಬ್ಬು ಕಡಿದ ಮೇಲೆ ಬನ್ನಿ ಅಂತ ರೈತರಿಗೆ ಹೇಳುವುದೇ ನನ್ನ ಪ್ರಕಾರ ಒಳ್ಳೆಯದು, ಆದರೆ ನನ್ನ ಮಾತು ಯಾರು ಕೇಳಬೇಕು.

35 ವ್ಯಾಟ್ ಹೊರಗಿನ ರೇಡಿಯೊ ಒಯ್ಯಲೇಬೇಕು ಅಂದರೆ ಬ್ಯಾಟರಿ ನೋಡಿಕೊಳ್ಳಿ. ಪೂರ್ತಿ ಪವರ್‌ನಲ್ಲಿ ಕಳಿಸುವಾಗ ಅದು 12 ವೋಲ್ಟ್ ಬ್ಯಾಟರಿಯಿಂದ ಆರೇಳು ಆಂಪಿಯರ್ ಎಳೆಯುತ್ತದೆ, ಕೆಲವು ಅದಕ್ಕೂ ಜಾಸ್ತಿ. ಟ್ರ್ಯಾಕ್ಟರಿನ ಹಳೇ ಬ್ಯಾಟರಿ, ತುಕ್ಕು ಹಿಡಿದ ಕ್ಲಿಪ್ಪು, ತೆಳ್ಳನೆ ವೈರು ಇದ್ದರೆ ಕಳಿಸುವ ಕ್ಷಣಕ್ಕೆ ಸರಿಯಾಗಿ ವೋಲ್ಟೇಜ್ ಕುಸಿದು ರೇಡಿಯೊ ಸತ್ತು ಮತ್ತೆ ಹುಟ್ಟುತ್ತದೆ. ಸುಮ್ಮನೆ ಇದ್ದಾಗ ಮೀಟರಿನಲ್ಲಿ ಅಳೆದರೆ 12.5 ತೋರಿಸುತ್ತದೆ, ಅದನ್ನು ನೋಡಿ "ಬ್ಯಾಟರಿ ಛಲೋ ಐತ್ರಿ" ಅನ್ನುತ್ತಾರೆ. ಕಳಿಸುತ್ತಿರುವಾಗ ಅಳೆಯಿರಿ.

ಆಂಟೆನಾ ಹಾಕದೆ ರೇಡಿಯೊ ಚಾಲೂ ಮಾಡಿದವರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹೊರಗೆ ಹೋಗಬೇಕಾದ ಪವರ್ ವಾಪಸ್ ಬಂದು ಒಳಗಿನ ಆಂಪ್ಲಿಫೈಯರ್ ಸುಡಬಹುದು. ದೀಪ ಮಿಣುಕುತ್ತದೆ, ನೂರು ಮೀಟರ್ ದೂರ ಸಿಗ್ನಲ್ಲೂ ಸಿಗುತ್ತದೆ, ಅದರಾಚೆ ಇಲ್ಲ. ರಿಪೇರಿ ಖರ್ಚು ಬಾಡಿಗೆಯ ಎಷ್ಟೋ ಪಟ್ಟು. ಆಂಟೆನಾಗಳೂ ಒಂದೇ ಥರ ಕಂಡರೂ ಒಂದೇ ಅಲ್ಲ. ರೇಡಿಯೊ 410ರಿಂದ 470 ಮೆಗಾಹರ್ಟ್ಜ್‌ವರೆಗೆ ಹೊಂದಿಕೊಳ್ಳುತ್ತದೆ, ಆಂಟೆನಾ ಮಾತ್ರ ಅದರಲ್ಲಿ ಒಂದು ತುಂಡಿಗೆ ಮಾಡಿದ್ದಿರಬಹುದು. ಬುಡದಲ್ಲಿ ಬರೆದಿರುತ್ತದೆ, ಓದಿ. ಹಾಗೆಯೇ ಈ ಫ್ರೀಕ್ವೆನ್ಸಿಗಳಲ್ಲಿ ಇಷ್ಟು ಪವರ್ ಬಿಡಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮತಿ ಬೇಕಾಗುತ್ತದೆ. ಸ್ವಂತ ಸೆಟ್ ಕೊಳ್ಳುವವರು ಮಾರುವವರ ಹತ್ತಿರ ಆ ಕಾಗದದ ವಿಷಯ ಮೊದಲೇ ಮಾತಾಡಿ.

ಇಷ್ಟೆಲ್ಲ ನೋಡಿದ ಮೇಲೂ ಬೇಸ್ ಆಫ್ ಮಾಡಲೇಬೇಕಾದ ಸಂದರ್ಭ ಬರುತ್ತದೆ. ಬ್ಯಾಟರಿ ಬದಲಿಸಬೇಕು, ಚಾನೆಲ್ ಬದಲಿಸಿದ್ದು ಹಿಡಿಯಲಿಲ್ಲ, ಏನೋ ಒಂದು. ಆಗ ಬೆಳಿಗ್ಗೆ ಬೇಸ್ ಹೇಳಿದ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಬರೆದುಕೊಂಡು, ಮತ್ತೆ ಶುರು ಮಾಡುವಾಗ ಆಟೊ ಒತ್ತದೆ ಅದೇ ಅಂಕಿಗಳನ್ನು ಕೊಡಿ. ಸ್ಟ್ಯಾಂಡ್ ಅಲುಗಿಸಬೇಡಿ. ಅಳತೆ ಮುಂದುವರಿಸುವ ಮೊದಲು ಬೆಳಿಗ್ಗೆ ಹಿಡಿದ ಒಂದು ಗೂಟಕ್ಕೆ, ಬಾಂದುಕಲ್ಲಿಗೆ ಹೋಗಿ ಮತ್ತೆ ಅಳೆಯಿರಿ. ಎರಡು ಮೂರು ಸೆಂಟಿಮೀಟರ್ ಒಳಗೆ ಬಂದರೆ ಮುಂದೆ ನಡೀರಿ. ಮೀಟರ್ ಲೆಕ್ಕದಲ್ಲಿ ತಪ್ಪಿದ್ದರೆ ಬೇಸ್ ಶಿಫ್ಟ್ ಅಂತ ಆಪ್‌ನಲ್ಲಿ ಒಂದು ಆಯ್ಕೆ ಇರುತ್ತದೆ, ಆ ಗೂಟದ ಹಳೇ ಅಂಕಿ ಕೊಟ್ಟರೆ ಸರಿಪಡಿಸಿಕೊಳ್ಳುತ್ತದೆ. ಆದರೆ ಗೂಟ ಹೊಡೆದಿದ್ದರೆ ತಾನೇ? ಬೆಳಿಗ್ಗೆ ಮೊದಲ ಕೆಲಸ ಅದು.

"ಸಿಮ್ ಹಾಕಿ ಇಂಟರ್ನೆಟ್ ಮೇಲೆ ಮಾಡಿದ್ರ ರೇಡಿಯೊ ಗೋಜೇ ಇಲ್ಲಲ್ರಿ?" ಅಂತ ಕೇಳುವವರಿದ್ದಾರೆ. ಹೌದು, ಸರ್ವೆ ಆಫ್ ಇಂಡಿಯಾದ ಕಾರ್ಸ್, ಅಂದರೆ ಕಾಯಂ ನಿಲ್ಲಿಸಿದ ಬೇಸುಗಳ ಜಾಲದಲ್ಲಿ ಖಾತೆ ಮಾಡಿಕೊಂಡರೆ ಸ್ವಂತ ಬೇಸೇ ಬೇಡ, ಬೇಸಿನ ಜಾಗ ಸರಿಯುವ ಚಿಂತೆಯೂ ಇಲ್ಲ. ವಿಜಯಪುರ ಸುತ್ತ ನಾನೇ ಹಾಗೆ ಮಾಡಿ ಅನ್ನುತ್ತೇನೆ. ಕೃಷ್ಣೆಯ ಹಿನ್ನೀರಿನ ಕೆಲವು ಹಳ್ಳಿಗಳಲ್ಲಿ, ಖಾನಾಪುರದ ಕಾಡಿನ ಅಂಚಿನಲ್ಲಿ ಮೊಬೈಲ್ ನೆಟ್‌ವರ್ಕೇ ಇರುವುದಿಲ್ಲ, ಅಲ್ಲಿ ರೇಡಿಯೊನೇ ಗತಿ. ಅಂಥ ಕಡೆ ಹೋಗುವವರ ಸೆಟ್ಟಿನಲ್ಲಿ ನಾನು ಬೇಸ್, ರೋವರ್ ಎರಡರಲ್ಲೂ ಕಚ್ಚಾ ಡೇಟಾ ರೆಕಾರ್ಡಿಂಗ್ ಆನ್ ಮಾಡಿಯೇ ಕೊಡುತ್ತೇನೆ. ರೇಡಿಯೊ ಪೂರ್ತಿ ಕೈಕೊಟ್ಟರೂ ಪ್ರತಿ ಪಾಯಿಂಟ್ ಮೇಲೆ ಸ್ವಲ್ಪ ಹೊತ್ತು ಜಾಸ್ತಿ ನಿಂತು ಬನ್ನಿ, ಸಂಜೆ ಅಂಗಡಿಯಲ್ಲಿ ಕಂಪ್ಯೂಟರ್ ಮೇಲೆ ಎರಡೂ ಫೈಲ್ ಕೂಡಿಸಿ ಲೆಕ್ಕ ತೆಗೆಯೋಣ. ಪಾಯಿಂಟಿನ ಹೆಸರು, ನಿಂತ ಹೊತ್ತು, ಪೋಲಿನ ಎತ್ತರ ಒಂದು ಹಾಳೆಯಲ್ಲಿ ಬರೆದು ತನ್ನಿ.