ಬೆಚ್ಚಿದ ದೇಹದ ದೀಪಫಲಕ: ಅಡ್ರಿನಲ್ ಗ್ರಂಥಿಗೆ ಎರಡು ದೀಪ

ಫಲಕದ ಅಡ್ರಿನಲ್ ಭಾಗ ಕೊನೆಗೂ ಹೊತ್ತಿಕೊಂಡಿತು. ಪ್ಲೈವುಡ್ ಮೇಲೆ ಮನುಷ್ಯನ ಆಕೃತಿ, ಕೆಳಗೊಂದು ಗುಂಡಿ. ಒತ್ತಿದರೆ ದೇಹ ಬೆಚ್ಚುತ್ತದೆ. ನರಗಳಲ್ಲಿ ಹೋಗುವ ಸಂಕೇತಕ್ಕೆ ಹಳದಿ ಎಲ್‌ಇಡಿ, ರಕ್ತದಲ್ಲಿ ಹೋಗುವ ಹಾರ್ಮೋನಿಗೆ ಕೆಂಪು. ಎಲ್ಲವನ್ನೂ ನಡೆಸುವುದು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು.

ಮೊದಲು ಎದುರಾದದ್ದು ವೇಗದ ಪ್ರಶ್ನೆ. ಕಾಲಿನ ಸ್ನಾಯುಗಳಿಗೆ ಹೋಗುವ ನರದಲ್ಲಿ ಸಂಕೇತ ಸೆಕೆಂಡಿಗೆ ಸುಮಾರು 50 ಮೀಟರ್ ಓಡುತ್ತದೆ. ಒಂದು ಮೀಟರ್ ದಾರಿ 20 ಮಿಲಿಸೆಕೆಂಡಿನಲ್ಲಿ ಮುಗಿಯುವುದರಿಂದ ಸಾಲು ದೀಪಗಳೆಲ್ಲ ಒಟ್ಟಿಗೇ ಹೊತ್ತಿದಂತೆ ಕಾಣುತ್ತದೆ. ಅತ್ತ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೇರಲು 20-30 ನಿಮಿಷ ಬೇಕು. ನರದ ಓಟವನ್ನು ನೂರು ಪಟ್ಟು ನಿಧಾನ ಮಾಡಿದ್ದೇನೆ, ಹಾರ್ಮೋನುಗಳ ನಿಮಿಷಗಳನ್ನು ಮುಟ್ಟಿಲ್ಲ. ಅಡ್ರಿನಲಿನ್ ಪ್ರಮಾಣ ಎರಡು-ಮೂರು ನಿಮಿಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಕೆಂಪು ಬೆಳಕೂ ಹಾಗೆಯೇ ಇಳಿಯುತ್ತದೆ. ನೋಡುವವರು ನಿಂತು ಕಾಯಲಿ. ಹಾವು ಹರಿದುಹೋದ ಮೇಲೂ ಎದೆ ಯಾಕೆ ಡವಡವ ಅನ್ನುತ್ತಿರುತ್ತದೆ ಎಂಬುದು ಕಾದರೇ ತಿಳಿಯುವುದು.

ಹೆಚ್ಚು ಸಂಜೆಗಳನ್ನು ತಿಂದದ್ದು ಅಡ್ರಿನಲ್ ಗ್ರಂಥಿ. ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಇದಕ್ಕೆ ಎಳೆಯಬೇಕಾದದ್ದು ಹಳದಿ ತಂತಿಯೋ ಕೆಂಪೋ? ಅದರ ಒಳತಿರುಳಿಗೆ ಬೆನ್ನುಹುರಿಯಿಂದ ನೇರವಾಗಿ ನರತಂತು ಬರುತ್ತದೆ. ಅದರ ತುದಿ ಅಸಿಟೈಲ್‌ಕೋಲಿನ್ ಎಂಬ ಸಂಕೇತ ರಾಸಾಯನಿಕವನ್ನು ಬಿಡುಗಡೆ ಮಾಡಿದ ಕೂಡಲೇ ಅಲ್ಲಿನ ಕ್ರೋಮಾಫಿನ್ ಕೋಶಗಳು ಅಡ್ರಿನಲಿನ್ ಅನ್ನು ರಕ್ತಕ್ಕೆ ಸುರಿಯುತ್ತವೆ. ಭ್ರೂಣದಲ್ಲಿ ಸಿಂಪಥೆಟಿಕ್ (ದೇಹವನ್ನು ತುರ್ತಿಗೆ ಸಜ್ಜುಗೊಳಿಸುವ) ನರಕೋಶಗಳು ಹುಟ್ಟುವ ಮೂಲದಿಂದಲೇ ಇವೂ ಹುಟ್ಟುತ್ತವೆ. ನರಕೋಶದ ಬಂಧುವೇ ಆದರೂ ಇವು ಉದ್ದನೆಯ ತಂತು ಚಾಚುವುದಿಲ್ಲ, ರಕ್ತವನ್ನೇ ದಾರಿ ಮಾಡಿಕೊಂಡಿವೆ. ಪಠ್ಯಪುಸ್ತಕದಲ್ಲಿ ನರಗಳದ್ದು ಒಂದು ಪಾಠ, ಹಾರ್ಮೋನುಗಳದ್ದು ಇನ್ನೊಂದು. ಅವೆರಡೂ ಬೆಸೆದುಕೊಳ್ಳುವ ಜಾಗ ಇದು, ನನ್ನ ಮಟ್ಟಿಗೆ ಇಡೀ ಫಲಕದಲ್ಲಿ ಇದಕ್ಕಿಂತ ಸೊಗಸಾದ ಜಾಗ ಇಲ್ಲ. ಹಳದಿ, ಕೆಂಪು ಎಲ್‌ಇಡಿಗಳನ್ನು ಒತ್ತಾಗಿ ಸೋಲ್ಡರ್ ಮಾಡಿ, ಮೇಲೆ ಒಂದೇ ಮಸುಕು ಅಕ್ರಿಲಿಕ್ ತುಂಡು ಅಂಟಿಸಿದೆ. ಹಳದಿ ಬಂದು ತಾಗಿದೊಡನೆ ಅದೇ ಚುಕ್ಕಿ ಕೆಂಪಿಗೆ ತಿರುಗುತ್ತದೆ.

ಗ್ರಂಥಿಯ ಹೊರಪದರದ ಕಥೆ ಬೇರೆ. ಕಾರ್ಟಿಸಾಲ್ ತಯಾರಿಸಲು ಅದಕ್ಕೆ ಮುಖ್ಯವಾಗಿ ಅಪ್ಪಣೆ ಬರುವುದು ರಕ್ತದ ಮೂಲಕ: ಮೆದುಳಿನ ಹೈಪೋಥಲಮಸ್‌ನ ಸಿಆರ್‌ಎಚ್ ಎಂಬ ಹಾರ್ಮೋನು ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಎಬ್ಬಿಸುತ್ತದೆ, ಪಿಟ್ಯುಟರಿಯ ಎಸಿಟಿಎಚ್ ಎಂಬ ಹಾರ್ಮೋನು ಹೊರಪದರವನ್ನು. ಕಾರ್ಟಿಸಾಲ್ ಏರಿದಂತೆ ಅದೇ ಮೇಲಿನ ಎರಡನ್ನೂ ಅಡಗಿಸುತ್ತದೆ. ಪರೀಕ್ಷೆಗೆಂದು ಕೋಡ್‌ನಿಂದ ಆ ಅಡಗಿಸುವ ಸಾಲನ್ನು ತೆಗೆದು ನೋಡಿದೆ. ಕೆಂಪು ಇಳಿಯಲೇ ಇಲ್ಲ.

ಅಂಗಾಂಗಗಳ ದೀಪಗಳೂ ಸಿದ್ಧವಾಗಿವೆ. ಒಂದೇ ಅಡ್ರಿನಲಿನ್ ತಲುಪಿದರೂ ಚರ್ಮದ ರಕ್ತನಾಳ ಕುಗ್ಗುತ್ತದೆ, ತೊಡೆಯ ಸ್ನಾಯುವಿನದು ಹಿಗ್ಗುತ್ತದೆ. ಮೊದಲನೆಯದರಲ್ಲಿ ಹಾರ್ಮೋನನ್ನು ಹಿಡಿಯುವ ಆಲ್ಫಾ ಗ್ರಾಹಕಗಳ ಕೈ ಮೇಲು, ಎರಡನೆಯದರಲ್ಲಿ ಬೀಟಾ-2.

ಇನ್ನು ಉಳಿದಿರುವುದು ಹೃದಯ. ಬೆಚ್ಚಿದಾಗ, ಹೃದಯದ ವೇಗ ತಗ್ಗಿಸುವ ವೇಗಸ್ ನರದ ಹಿಡಿತ ಒಂದೆರಡು ಬಡಿತಗಳಲ್ಲೇ ಸಡಿಲುತ್ತದೆ, ಸಿಂಪಥೆಟಿಕ್ ನರದ ಪ್ರಭಾವ ಕಾಣಲು ಕೆಲವು ಸೆಕೆಂಡು ಹಿಡಿಯುತ್ತದೆ, ಅಡ್ರಿನಲಿನ್ ರಕ್ತದೊಂದಿಗೆ ಬಂದು ಸೇರುವುದು ಆಮೇಲೆ. ಮೂರೂ ಬೇರೆಬೇರೆಯಾಗಿ ಕಾಣಬೇಕು, ಅಷ್ಟು ಪಿನ್‌ಗಳು ಬೋರ್ಡಿನಲ್ಲಿ ಉಳಿದಿಲ್ಲ. ಕೆಲವೇ ಪಿನ್‌ಗಳಿಂದ ಹಲವು ದೀಪ ನಡೆಸುವ ಶಿಫ್ಟ್ ರಿಜಿಸ್ಟರ್ ಚಿಪ್ ಜೋಡಿಸಿ ನೋಡುತ್ತೇನೆ.